1 ಕೊರಿಂಥ: ಚರಿತ್ರೆಯ ಹಿನ್ನೆಲೆ ತಿಳಿದು ಓದಬೇಕು, ಎಲ್ಲಿಂದ ಶುರು ಮಾಡಲಿ?

ನೇತ್ರಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯಲ್ಲಿ ಬುಧವಾರ ಸಂಜೆ ಸತ್ಯವೇದ ಅಧ್ಯಯನ ನಡೆಯುತ್ತದೆ. ಈಗ ಅಪೊಸ್ತಲ ಪೌಲನು ಗ್ರೀಸಿನ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರಿಕೆ ಓದುತ್ತಿದ್ದೇವೆ. 8ನೇ ಅಧ್ಯಾಯಕ್ಕೆ ಬಂದಾಗ ದೊಡ್ಡ ಚರ್ಚೆಯೇ ಆಯಿತು. ವಿಗ್ರಹಕ್ಕೆ ನೈವೇದ್ಯ ಮಾಡಿದ ಆಹಾರದ ವಿಷಯ ಅದು. ಗಣೇಶನ ಹಬ್ಬದ ದಿನ ಪಕ್ಕದ ಮನೆಯವರು ಪ್ರೀತಿಯಿಂದ ಕಡುಬು ತಂದು ಕೊಡುತ್ತಾರೆ. ತಗೊಳ್ಳಬೇಕಾ, ಬೇಡವಾ?

ಒಬ್ಬರು 8:8 (8ನೇ ಅಧ್ಯಾಯ, 8ನೇ ವಚನ) ತೋರಿಸಿದರು. ಆಹಾರ ನಮ್ಮನ್ನು ದೇವರ ಹತ್ತಿರಕ್ಕೆ ತರುವುದಿಲ್ಲ, ತಿಂದರೂ ತಿನ್ನದಿದ್ದರೂ ನಷ್ಟವಿಲ್ಲ ಎಂಬ ಮಾತು ಅಲ್ಲಿದೆ. ಇನ್ನೊಬ್ಬರು 10:21 ತೋರಿಸಿದರು. ಕರ್ತನ ಮೇಜಿನಲ್ಲೂ ದೆವ್ವಗಳ ಮೇಜಿನಲ್ಲೂ ಪಾಲು ತಗೊಳ್ಳಲಾರಿರಿ ಎಂಬ ಮಾತು ಅಲ್ಲಿದೆ. ಎರಡೂ ಒಂದೇ ಪತ್ರದ ಮಾತುಗಳು! ಯಾರಿಗೂ ಉತ್ತರ ಹೊಳೆಯಲಿಲ್ಲ.

ನನಗೆ ಅನಿಸಿದ್ದು, ಈ ಪತ್ರವನ್ನು ಮೊದಲು ಕೇಳಿಸಿಕೊಂಡವರು ಯಾರು, ಅವರ ಊರು ಎಂಥದ್ದು, ಅಲ್ಲಿ ಊಟ ಹೇಗೆ ನಡೆಯುತ್ತಿತ್ತು ಅನ್ನುವುದು ಗೊತ್ತಾಗದೆ ನಾವು ಸುಮ್ನೆ ವಾಕ್ಯಗಳನ್ನು ಎದುರುಬದುರು ನಿಲ್ಲಿಸುತ್ತಿದ್ದೇವೆ. ಚರಿತ್ರೆ ಬಲ್ಲವರು ದಾರಿ ತೋರಿಸಿ. ಗ್ರೀಕ್ ನನಗೆ ಬರುವುದಿಲ್ಲ.

ಗದಗಿನ_ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಒಂದೇ ಪತ್ರ, ಒಂದೇ ಊರು ಹಿಡಿದುಕೊಂಡಿದ್ದೀರಿ. ಹಾಗೇ ಇರಲಿ. ಇಡೀ ಹೊಸ ಒಡಂಬಡಿಕೆಯ ಹಿನ್ನೆಲೆ ಒಟ್ಟಿಗೆ ಓದಲು ಹೊರಟರೆ ಯಾವುದೂ ಕೈಗೆ ಹತ್ತುವುದಿಲ್ಲ.

ಮೊದಲು ಊರಿನ ಕಥೆ. ಹಳೆಯ ಕೊರಿಂಥವನ್ನು ರೋಮನ್ ಸೇನಾಪತಿ ಮುಮ್ಮಿಯಸ್ ಕ್ರಿ.ಪೂ. 146ರಲ್ಲಿ ನಾಶ ಮಾಡಿದ. ನೂರು ವರ್ಷ ಅದು ಹೆಚ್ಚುಕಡಿಮೆ ಪಾಳು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅಲ್ಲಿ ರೋಮನ್ ವಸಾಹತು ಕಟ್ಟಿಸಿದ. ಹೋಗಿ ನೆಲೆಸಿದವರಲ್ಲಿ ಬಹುಪಾಲು ಬಿಡುಗಡೆ ಪಡೆದ ಗುಲಾಮರು ಎಂದು ಭೂಗೋಳಕಾರ ಸ್ಟ್ರಾಬೊ ಬರೆಯುತ್ತಾನೆ. ಅಂದರೆ ಪೌಲ ಹೋದಾಗ ಆ ಊರಿಗೆ ಇನ್ನೂ ನೂರು ವರ್ಷ ತುಂಬಿರಲಿಲ್ಲ. ಹಳೆಯ ಮನೆತನಗಳ ಊರಲ್ಲ ಅದು. ಎರಡು ಕಡೆ ಬಂದರು, ಪೂರ್ವಕ್ಕೆ ಕೆಂಕ್ರೆ, ಪಶ್ಚಿಮಕ್ಕೆ ಲೆಖೇಯಮ್. ವ್ಯಾಪಾರ ಜೋರು. ದುಡ್ಡು ಮಾಡಿ ಮೇಲೆ ಬಂದವರು, ಬರಲು ಹವಣಿಸುವವರು ತುಂಬಿದ್ದ ಊರು. ‘ನಿಮ್ಮಲ್ಲಿ ಜ್ಞಾನಿಗಳು ಅನೇಕರಿಲ್ಲ, ಅಧಿಕಾರ ಇದ್ದವರು ಅನೇಕರಿಲ್ಲ, ಕುಲೀನರು ಅನೇಕರಿಲ್ಲ’ ಎಂಬ 1:26ರ ಮಾತನ್ನು ಇದು ತಿಳಿದ ಮೇಲೆ ಮತ್ತೆ ಓದಿ ನೋಡಿ. ಅನೇಕರಿಲ್ಲ ಅಂದರೆ ಕೆಲವರು ಇದ್ದರು ಅಂತಲೂ ಆಯಿತು. ಆ ಕೆಲವರಿಗೂ ಉಳಿದವರಿಗೂ ನಡುವಿನ ತಿಕ್ಕಾಟವೇ ಪತ್ರದ ಅರ್ಧ ಭಾಗ ಅಂತ ನನ್ನ ಅನಿಸಿಕೆ.

ಎರಡನೆಯದು, ಇದು ಒಂದು ಮಾತುಕತೆಯ ಒಂದೇ ಬದಿ. 5:9ರಲ್ಲಿ ಪೌಲ ತಾನು ಮೊದಲೇ ಒಂದು ಪತ್ರ ಬರೆದಿದ್ದೆ ಅನ್ನುತ್ತಾನೆ. ಅದು ನಮಗೆ ಸಿಕ್ಕಿಲ್ಲ. 7:1ರಲ್ಲಿ ‘ನೀವು ಬರೆದ ವಿಷಯಗಳು’ ಅನ್ನುತ್ತಾನೆ. ಅಂದರೆ ಅವರೂ ಪ್ರಶ್ನೆ ಕೇಳಿ ಬರೆದಿದ್ದರು. ಅದೂ ಇಲ್ಲ. ಕ್ಲೋಯೆಯ ಮನೆಯವರು ಬಂದು ಜಗಳದ ಸುದ್ದಿ ಹೇಳಿದ್ದರು (1:11). ಆಮೇಲೆ ಸ್ತೆಫನ, ಫೊರ್ತುನಾತ, ಅಖಾಯಿಕ ಬಂದಿದ್ದರು (16:17). ಇಷ್ಟೆಲ್ಲ ಸುದ್ದಿ ಕೇಳಿ, ಎಫೆಸದಲ್ಲಿ ಕೂತು ಅವನು ಉತ್ತರ ಕೊಡುತ್ತಿದ್ದಾನೆ.

ಹಾಗಾಗಿ ಓದುವಾಗ ಪ್ರತಿ ಸಲ ಕೇಳಿಕೊಳ್ಳಬೇಕಾದ್ದು: ಈ ಮಾತು ಪೌಲನದೋ, ಅವರದ್ದನ್ನು ಪೌಲ ಎತ್ತಿ ಹೇಳುತ್ತಿದ್ದಾನೋ? ‘ನಮಗೆಲ್ಲರಿಗೂ ಜ್ಞಾನವುಂಟು’ (8:1), ‘ಎಲ್ಲವನ್ನೂ ಮಾಡಲು ನನಗೆ ಸ್ವಾತಂತ್ರ್ಯವುಂಟು’ (6:12, 10:23). ಇವು ಕೊರಿಂಥದವರ ಮಾತುಗಳು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಉದ್ಧರಣ ಚಿಹ್ನೆಯೇ ಇಲ್ಲ. ಪದಗಳ ನಡುವೆ ಜಾಗ ಕೂಡ ಇಲ್ಲ. ಎಲ್ಲಿ ಅವರ ಮಾತು ಮುಗಿದು ಇವನ ಮಾತು ಶುರುವಾಗುತ್ತದೆ ಅನ್ನುವುದನ್ನು ಓದುವವರೇ ತೀರ್ಮಾನಿಸಬೇಕು.

ಶಾಸನಪ್ರಿಯ

ನಾನು ಕ್ರೈಸ್ತನಲ್ಲ, ಶಾಸನಗಳ ಹುಚ್ಚು ಇರುವವನು. ಈ ಪತ್ರದ ಕಾಲ ಗೊತ್ತಾಗಿದ್ದು ಒಂದು ಶಾಸನದಿಂದ. ಅದನ್ನು ಹೇಳಲೇಬೇಕು.

ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಎಂಬ ಪುಸ್ತಕದ 18ನೇ ಅಧ್ಯಾಯದಲ್ಲಿ ಪೌಲನನ್ನು ಕೊರಿಂಥದಲ್ಲಿ ಗಲ್ಲಿಯೋ ಎಂಬ ಅಧಿಪತಿಯ ಮುಂದೆ ಎಳೆದು ತರುತ್ತಾರೆ. ಗಲ್ಲಿಯೋ ದೂರು ತಳ್ಳಿ ಹಾಕುತ್ತಾನೆ. ಈ ಗಲ್ಲಿಯೋ ಹೆಸರು ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕ ಕಲ್ಲಿನ ಚೂರುಗಳಲ್ಲಿದೆ. ಅವುಗಳಲ್ಲಿ ಮೊದಲ ಕೆಲವು 1905ರಲ್ಲಿ ಪ್ರಕಟವಾದವು. ಡೆಲ್ಫಿಯಲ್ಲಿ ಜನ ಕಡಿಮೆ ಆಗುತ್ತಿದ್ದಾರೆ ಎಂಬ ವಿಷಯದ ಮೇಲೆ ಚಕ್ರವರ್ತಿ ಕ್ಲೌದಿಯಸ್ ಬರೆಸಿದ ಕಾಗದ ಅದು. ಅದರಲ್ಲಿ ಗಲ್ಲಿಯೋನನ್ನು ತನ್ನ ಗೆಳೆಯ, ಪ್ರಾಂತಾಧಿಪತಿ ಎಂದು ಕರೆಯುತ್ತಾನೆ. ಚಕ್ರವರ್ತಿಗೆ ಸೈನ್ಯ 26ನೇ ಸಲ ಜಯಘೋಷ ಮಾಡಿದ ಲೆಕ್ಕವೂ ಅಲ್ಲೇ ಇದೆ.

ಈಗ ರೋಮ್ ನಗರದ ಒಂದು ನೀರಿನ ಮೇಲ್ಗಾಲುವೆಯ ಶಾಸನದಲ್ಲಿ 27ನೇ ಜಯಘೋಷ ಇದೆ. ಆ ಕಾಲುವೆ ಲೋಕಾರ್ಪಣೆ ಆಗಿದ್ದು ಕ್ರಿ.ಶ. 52ರ ಆಗಸ್ಟ್ 1ಕ್ಕೆ. ಅಂದರೆ ಡೆಲ್ಫಿಯ ಕಾಗದ ಅದಕ್ಕೂ ಮೊದಲಿನದು. ಪ್ರಾಂತಾಧಿಪತಿಯ ಅವಧಿ ಸಾಮಾನ್ಯವಾಗಿ ಒಂದೇ ವರ್ಷ. ಹಾಗಾಗಿ ಗಲ್ಲಿಯೋ ಅಲ್ಲಿದ್ದದ್ದು 51-52ರ ಸುಮಾರಿಗೆ ಎಂದು ಬಹುಪಾಲು ಜನ ಲೆಕ್ಕ ಹಾಕುತ್ತಾರೆ. ಒಂದು ವರ್ಷ ಹಿಂದೆ ಹಾಕುವವರೂ ಇದ್ದಾರೆ. ಪೌಲ ಆ ಊರಿನಲ್ಲಿ ಒಂದೂವರೆ ವರ್ಷ ಇದ್ದ ಎಂದು ಕೃತ್ಯಗಳು ಹೇಳುತ್ತದೆ. ಆಮೇಲೆ ಎಫೆಸಕ್ಕೆ ಬಂದು ಬರೆದ ಪತ್ರ ಇದು. ಸುಮಾರು 53ರಿಂದ 55ರ ಒಳಗೆ.

ಪೌಲನ ಬದುಕಿನ ಇಡೀ ಕಾಲಗಣನೆ ಹೆಚ್ಚುಕಡಿಮೆ ಈ ಒಂದು ಕಲ್ಲಿನ ಮೇಲೆ ನಿಂತಿದೆ. ಈ ಗಲ್ಲಿಯೋ ತತ್ತ್ವಜ್ಞಾನಿ ಸೆನೆಕನ ಅಣ್ಣ. ಕೊರಿಂಥ ಇದ್ದ ಅಖಾಯ ಪ್ರಾಂತದಲ್ಲಿ ಅಣ್ಣನಿಗೆ ಜ್ವರ ಬಂತು, ಇದು ಮೈಯ ಕಾಯಿಲೆಯಲ್ಲ, ಜಾಗದ ಕಾಯಿಲೆ ಅಂತ ಹಡಗು ಹತ್ತಿ ಹೊರಟುಬಿಟ್ಟ ಎಂದು ಸೆನೆಕ ಒಂದು ಪತ್ರದಲ್ಲಿ ಬರೆದಿದ್ದಾನೆ. ಸತ್ಯವೇದದಲ್ಲಿ ಬರುವ ಒಬ್ಬ ಅಧಿಕಾರಿಯ ಜ್ವರದ ಸುದ್ದಿ ಅವನ ಮನೆಯವರ ಬಾಯಿಂದಲೇ ನಮಗೆ ತಿಳಿಯುತ್ತದೆ. ನನಗೆ ಇಂಥದ್ದು ಸಿಕ್ಕಿದರೆ ತುಂಬಾ ಖುಷಿ.

ಬೆಳಕಿನ_ಕಡೆಗೆ

ಹಿನ್ನೆಲೆ ಅಂದರೆ ಕೊರಿಂಥದಲ್ಲಿದ್ದ ಗ್ರೀಕರ ಪ್ರೇಮದೇವತೆ ಅಫ್ರೊಡೈಟಿಯ ಗುಡಿಯ ವಿಷಯ ಬಿಡಬೇಡಿ. ಬೆಟ್ಟದ ಮೇಲಿನ ಆ ಗುಡಿಯಲ್ಲಿ ಸಾವಿರ ದೇವದಾಸಿಯರು ಇದ್ದರಂತೆ. ಅದಕ್ಕೇ ಪೌಲ ಜಾರತ್ವದ ಬಗ್ಗೆ ಅಷ್ಟು ಬರೆದ ಅಂತ ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೇನೆ.

ಗದಗಿನ_ಮೇಷ್ಟ್ರು

ಈ ಮಾತು ಎಲ್ಲ ಭಾಷೆಗಳ ಪ್ರಸಂಗಗಳಲ್ಲೂ ಇದೆ. ಆದರೆ ಮೂಲ ನೋಡಿ. ಹೇಳಿದವನು ಸ್ಟ್ರಾಬೊ ಒಬ್ಬನೇ. ಅವನು ಹೇಳಿದ್ದು ಕ್ರಿ.ಪೂ. 146ಕ್ಕೆ ಮೊದಲಿನ ಹಳೆಯ ಊರಿನ ಬಗ್ಗೆ. ಪೌಲನ ಕಾಲಕ್ಕೆ ಆ ಊರು ನಾಶವಾಗಿ ಹೊಸದು ಎದ್ದಿತ್ತು. ಬೆಟ್ಟದ ಮೇಲಿನ ಗುಡಿ ಸಣ್ಣದು ಎಂದು ಸ್ಟ್ರಾಬೊನೇ ಬರೆಯುತ್ತಾನೆ. ಹಳೆಯ ಊರಿನ ವಿಷಯದಲ್ಲೂ ಆ ಸಂಖ್ಯೆ ನಂಬುವಂಥದ್ದಲ್ಲ ಎನ್ನುವ ವಿದ್ವಾಂಸರೇ ಈಗ ಜಾಸ್ತಿ. ಕೊರಿಂಥದಲ್ಲಿ ವೇಶ್ಯಾವಾಟಿಕೆ ಇತ್ತು, ಯಾವ ಬಂದರು ಊರಿನಲ್ಲಿ ಇರಲಿಲ್ಲ? ಆದರೆ ಆ ಸಾವಿರ ಹೆಂಗಸರನ್ನು ಪೌಲನ ಪತ್ರದೊಳಗೆ ತರಲು ಆಧಾರ ಇಲ್ಲ.

ಸೂಜಿಯ ಕಣ್ಣಿನ ಕಥೆಯೂ ಹೀಗೇ. ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂದು ಯೇಸು ಹೇಳಿದ ಮಾತಿದೆಯಲ್ಲ, ಅದಕ್ಕೆ ಕೊಡುವ ವಿವರಣೆ ಇದು. ಯೆರೂಸಲೇಮಿನಲ್ಲಿ ‘ಸೂಜಿಕಣ್ಣು’ ಎಂಬ ಸಣ್ಣ ಬಾಗಿಲಿತ್ತು, ಒಂಟೆ ಮೊಣಕಾಲೂರಿ ಒಳಗೆ ಹೋಗುತ್ತಿತ್ತು ಅನ್ನುತ್ತಾರೆ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲಿದ್ದ ಸಾಕ್ಷಿ ಒಂದೂ ಇಲ್ಲ. ಮಧ್ಯಯುಗದ ಬರಹಗಳಲ್ಲಿ ಬರುವ ವಿವರಣೆ ಅದು. ಐಶ್ವರ್ಯವಂತರ ಬಗ್ಗೆ ಯೇಸು ಹೇಳಿದ ಕಠಿಣ ಮಾತನ್ನು ಅದು ಮೆತ್ತಗೆ ಮಾಡಿಬಿಡುತ್ತದೆ. ಸುಳ್ಳು ಹಿನ್ನೆಲೆ ಏನೂ ಗೊತ್ತಿಲ್ಲದಿರುವುದಕ್ಕಿಂತ ಕೆಟ್ಟದ್ದು. ಯಾರಾದರೂ ‘ಆ ಕಾಲದಲ್ಲಿ ಹೀಗಿತ್ತು’ ಅಂದ ಕೂಡಲೇ ಯಾರು ಬರೆದದ್ದು, ಯಾವಾಗ, ಯಾವ ಊರಿನ ಬಗ್ಗೆ ಅಂತ ಕೇಳಿ. ಹಿರಿಯರು ಹೇಳಿದರೂ ಗೌರವದಿಂದಲೇ ಕೇಳಿ.

ಬೆಳಕಿನ_ಕಡೆಗೆ

ಮೇಷ್ಟ್ರೇ, ಹಾಗಾದರೆ ಎರಸ್ತನ ಕಲ್ಲು? ಅದು ಕಣ್ಣಿಗೆ ಕಾಣುವ ಸಾಕ್ಷಿ ಅಲ್ವಾ?

ಶಾಸನಪ್ರಿಯ

ಇದಕ್ಕೆ ನಾನು ಉತ್ತರ ಕೊಡುತ್ತೇನೆ. 1929ರಲ್ಲಿ ಕೊರಿಂಥದ ರಂಗಮಂದಿರದ ಹತ್ತಿರ ಸಿಕ್ಕ ಲ್ಯಾಟಿನ್ ಶಾಸನ ಅದು. ಎರಸ್ತ ಎಂಬುವನು ನಗರದ ಪದವಿ ಸಿಕ್ಕಿದ್ದಕ್ಕೆ ಪ್ರತಿಯಾಗಿ ಸ್ವಂತ ಖರ್ಚಿನಲ್ಲಿ ನೆಲಹಾಸು ಹಾಕಿಸಿದ ಎಂದಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 16:23ರಲ್ಲಿ ಪೌಲ ಕೊರಿಂಥದಿಂದ ವಂದನೆ ಕಳಿಸುವಾಗ ಪಟ್ಟಣದ ಖಜಾಂಚಿ ಎರಸ್ತನ ಹೆಸರು ಹೇಳುತ್ತಾನೆ. ಹೆಸರು ಒಂದೇ, ಊರು ಒಂದೇ. ಆದರೆ ಖಜಾಂಚಿಯ ಕೆಲಸವೂ ಶಾಸನದ ಪದವಿಯೂ ಒಂದೇನಾ? ಕಲ್ಲು 1ನೇ ಶತಮಾನದ್ದೋ 2ನೆಯದೋ? ಎರಡರ ಮೇಲೂ ವಾದ ಇದೆ. ಇಬ್ಬರೂ ಒಬ್ಬನೇ ಇರಬಹುದು ಅನ್ನುವಷ್ಟಕ್ಕೆ ನಿಲ್ಲಿಸುವುದು ನ್ಯಾಯ. ಒಂದಂತೂ ಖಚಿತ: ದುಡ್ಡು ಹಾಕಿ ಪದವಿ ಪಡೆದು, ಅದನ್ನು ದೊಡ್ಡ ಅಕ್ಷರದಲ್ಲಿ ಕೊರೆಸುವುದು ಆ ಊರಿನ ರೂಢಿ. ‘ಹೊಗಳಿಕೊಳ್ಳುವವನು ಕರ್ತನಲ್ಲಿಯೇ ಹೊಗಳಿಕೊಳ್ಳಲಿ’ ಎಂದು ಪೌಲ ಅಂಥವರ ನಡುವೆ ಬರೆದ.

ತುಂಗಭದ್ರೆ_ಹುಡುಗಿ

ನಾನು ಥಿಯಾಲಜಿ ಓದುತ್ತಿರುವವಳು. ನೇತ್ರಾವತಿ ಅಕ್ಕ, ನಿಮ್ಮ ಕಡುಬಿನ ಪ್ರಶ್ನೆಗೇ ನೇರವಾಗಿ ಬರುತ್ತೇನೆ.

8ರಿಂದ 10ನೇ ಅಧ್ಯಾಯದವರೆಗೆ ಒಂದೇ ಉಸಿರಿಗೆ ಓದಿ. ಅಲ್ಲಿ ಊಟದ ಜಾಗಗಳು ಮೂರು ಇವೆ. ಒಂದು, ಗುಡಿಯ ಒಳಗೇ ಕೂತು ಉಣ್ಣುವುದು (8:10, 10:14-22). ಎರಡು, ಸಂತೆಯಲ್ಲಿ ಮಾರುವ ಮಾಂಸ (10:25). ಮೂರು, ನಂಬದವರೊಬ್ಬರು ಕರೆದಾಗ ಅವರ ಮನೆಯ ಊಟ (10:27). ಮೂರಕ್ಕೂ ಪೌಲನ ಉತ್ತರ ಬೇರೆ ಬೇರೆ. ಗುಡಿಯ ಮೇಜು ಬೇಡ. ಸಂತೆಯದ್ದು ಏನೂ ವಿಚಾರಿಸದೆ ತಿನ್ನಿ. ಮನೆಗೆ ಕರೆದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಆದರೆ ಯಾರಾದರೂ ‘ಇದು ಬಲಿ ಕೊಟ್ಟದ್ದು’ ಅಂತ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬಿಡಿ. ನಿಮ್ಮ ಅಧ್ಯಯನದಲ್ಲಿ ಎದುರುಬದುರು ನಿಂತ ಎರಡು ವಾಕ್ಯಗಳಲ್ಲಿ 10:21 ಗುಡಿಯ ಮೇಜಿನದ್ದು. 8:8 ಬಹುಶಃ ಕೊರಿಂಥದ ‘ಜ್ಞಾನಿಗಳ’ ವಾದ, ಪೌಲ ಅದನ್ನು ಒಪ್ಪಿಕೊಂಡೇ ಮುಂದೆ ಒಂದು ‘ಆದರೆ’ ಸೇರಿಸುತ್ತಾನೆ.

ಗುಡಿಯ ಊಟ ಅಂದರೆ ಏನು? ಇದಕ್ಕೆ ಒಂದು ಚಂದದ ಸಾಕ್ಷಿ ಇದೆ. ಈಜಿಪ್ಟಿನ ಆಕ್ಸಿರಿಂಕಸ್ ಊರಿನಲ್ಲಿ 2ನೇ ಶತಮಾನದ ಒಂದು ಪಪೈರಸ್ ಚೀಟಿ ಸಿಕ್ಕಿದೆ. ಖೈರೆಮೋನ್ ಎಂಬಾತ ಕಳಿಸಿದ ಊಟದ ಕರೆಯೋಲೆ. ನಾಳೆ 15ನೇ ತಾರೀಕು, 9ನೇ ತಾಸಿಗೆ, ಸರಾಪಿಸ್ ಗುಡಿಯಲ್ಲಿ, ಸರಾಪಿಸ್ ಸ್ವಾಮಿಯ ಮೇಜಿಗೆ ಊಟಕ್ಕೆ ಬನ್ನಿ. ಅಷ್ಟೇ. ಇಂಥ ಕರೆಯೋಲೆಗಳು ಇನ್ನೂ ಇವೆ. ಕೆಲವು ಊಟ ಮನೆಯಲ್ಲೇ ನಡೆದರೂ ದೇವರ ಹೆಸರಿನಲ್ಲೇ ಕರೆದಿದ್ದಾರೆ. ಮಕ್ಕಳು ದೊಡ್ಡವರಾದಾಗ, ಮದುವೆಗೆ, ಸಂಘದ ಸಭೆಗೆ ಹೀಗೆ ಸೇರುತ್ತಿದ್ದರು. ಕೊರಿಂಥದಲ್ಲೂ ಅಸ್ಕ್ಲೆಪಿಯಸ್ ಗುಡಿಯ ಆವರಣದಲ್ಲಿ ಗೋಡೆಗುಂಟ ಒರಗು ಮಂಚಗಳಿದ್ದ ಊಟದ ಕೋಣೆಗಳನ್ನು ಅಗೆದು ತೆಗೆದಿದ್ದಾರೆ. ಪೌಲನ ಕಾಲದಲ್ಲಿ ಅವು ಬಳಕೆಯಲ್ಲಿದ್ದವೇ ಎಂಬ ಚರ್ಚೆ ಇದೆ, ಅದನ್ನೂ ಹೇಳಬೇಕು.

ಯೋಚಿಸಿ, ನೀವು ಊರಿನ ವ್ಯಾಪಾರಿ. ಹೊಸದಾಗಿ ದೀಕ್ಷಾಸ್ನಾನ ಆಗಿದೆ. ನಿಮ್ಮ ದೊಡ್ಡ ಗಿರಾಕಿ ಗುಡಿಗೆ ಊಟಕ್ಕೆ ಕರೆಯುತ್ತಾನೆ. ಹೋಗದಿದ್ದರೆ ಸಂಬಂಧ ಕೆಡುತ್ತದೆ. ‘ವಿಗ್ರಹ ಅಂದರೆ ಏನೂ ಅಲ್ಲ ಅಂತ ನನಗೆ ಗೊತ್ತು, ಹೋದರೆ ಏನಂತೆ?’ ಈ ವಾದ ಹುಟ್ಟಿದ್ದು ಇಲ್ಲಿ. ಅದೇ ಸಭೆಯಲ್ಲಿ ಇನ್ನೊಬ್ಬಳು ಗುಲಾಮಳು ಇದ್ದಾಳೆ. ಅವಳು ಮಾಂಸ ಕಾಣುವುದೇ ಊರಹಬ್ಬದ ಬಲಿಯ ದಿನ. ಅವಳಿಗೆ ಮಾಂಸವೂ ಆ ದೇವರೂ ಬೇರೆ ಬೇರೆ ಅಲ್ಲ. 8ನೇ ಅಧ್ಯಾಯದಲ್ಲಿ ‘ಬಲಹೀನರು’ ಎಂದು ಕರೆಸಿಕೊಂಡವರು ಇಂಥ ಬಡವರು ಎಂದು ಜರ್ಮನ್ ವಿದ್ವಾಂಸ ಗರ್ಡ್ ಟೈಸನ್ ವಾದಿಸಿದರು. ಬೀದಿಬದಿಯ ಅಡುಗೆ ಅಂಗಡಿಗಳಲ್ಲಿ ಬಡವರಿಗೂ ಮಾಂಸ ಸಿಗುತ್ತಿತ್ತು ಎಂದು ಬೇರೆಯವರು ಅದನ್ನು ಪ್ರಶ್ನಿಸಿದ್ದಾರೆ. ನನಗೆ ಟೈಸನ್ ಹೇಳಿದ್ದೇ ಪತ್ರಕ್ಕೆ ಹತ್ತಿರ ಅನಿಸುತ್ತದೆ, ಯಾಕಂದರೆ 11ನೇ ಅಧ್ಯಾಯದಲ್ಲಿ ಅದೇ ಬಿರುಕು ಮತ್ತೆ ಕಾಣುತ್ತದೆ.

ನಿಮ್ಮ ನೆರೆಮನೆಯ ಕಡುಬು ಯಾವ ಜಾಗಕ್ಕೆ ಸೇರುತ್ತದೆ ಅನ್ನುವುದು ನಿಮ್ಮ ಸಭೆ ಕೂತು ಮಾತಾಡಬೇಕಾದ್ದು. ಪೌಲನ ಮೂರೂ ಉತ್ತರಗಳನ್ನು ಎದುರಿಗೆ ಇಟ್ಟುಕೊಂಡು ಮಾತಾಡಿ. ಒಂದೇ ವಾಕ್ಯ ಹಿಡಿಯಬೇಡಿ.

ಶಾಸನಪ್ರಿಯ

ಆಕ್ಸಿರಿಂಕಸ್ ಹೆಸರು ಬಂತಲ್ಲ, ಕನ್ನಡಿಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿ.ಮೀ. ದೂರದ ಊರು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಕ್ಸ್‌ಫರ್ಡಿನ ವಿದ್ವಾಂಸರು 1896-97ರ ಚಳಿಗಾಲದಲ್ಲಿ ಅಲ್ಲಿನ ಹಳೆಯ ಕಸದ ತಿಪ್ಪೆಗಳನ್ನು ಅಗೆದರು. ಮಳೆ ಇಲ್ಲದ ಮರಳಿನಲ್ಲಿ ಪಪೈರಸ್ ಉಳಿದಿತ್ತು. ಶುರುವಿನಲ್ಲೇ ಯೇಸುವಿನ ಮಾತುಗಳ ಒಂದು ಹಾಳೆ ಸಿಕ್ಕಿತು. ಅದು ಸತ್ಯವೇದದಲ್ಲಿ ಸೇರದ ತೋಮನ ಸುವಾರ್ತೆಯ ಗ್ರೀಕ್ ಪಾಠ ಎಂದು ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ, 1945ರಲ್ಲಿ ಈಜಿಪ್ಟಿನದೇ ನಾಗ್ ಹಮ್ಮಾದಿಯಲ್ಲಿ ಕೋಪ್ಟಿಕ್ ಭಾಷೆಯ ಪೂರ್ತಿ ಪ್ರತಿ ಸಿಕ್ಕಿದ ನಂತರ.

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಬರುವ ಆ ಗ್ರೀಕ್ ಪ್ರಹಸನವೂ ಇದೇ ತಿಪ್ಪೆಯಿಂದ ಬಂದದ್ದು! ಖಾರಿಟಿಯೋನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಸಿಕ್ಕಿಹಾಕಿಕೊಂಡ ಕಥೆ. ಅದರಲ್ಲಿ ರಾಜನ ಕಡೆಯವರು ಆಡುವ ಮಾತು ಕನ್ನಡ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಶ್ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಅವರೂ ಅದರ ಬಗ್ಗೆ ಬರೆದರು. ತುಳು ಎಂದವರಿದ್ದಾರೆ, ಎರಡೂ ಅಲ್ಲ ಎಂದವರೂ ಇದ್ದಾರೆ. ತೀರ್ಮಾನ ಆಗಿಲ್ಲ. ಆದರೆ ಸುವಾರ್ತೆಯ ಚೂರು, ಗುಡಿಯ ಊಟದ ಕರೆ, ನಮ್ಮ ಕರಾವಳಿಯ ನೆನಪಿರಬಹುದಾದ ನಾಟಕ, ತೆರಿಗೆ ರಸೀದಿ, ಮನೆಯವರಿಗೆ ಬರೆದ ಕಾಗದ ಎಲ್ಲವೂ ಒಂದೇ ಊರಿನ ಕಸದಲ್ಲಿ ಇದ್ದವು. ಕ್ರೈಸ್ತ ಬರಹಗಳು ಓಡಾಡುತ್ತಿದ್ದ ಲೋಕ ಎಷ್ಟು ದೊಡ್ಡದು ಅಂತ ಅದರಿಂದ ತಿಳಿಯುತ್ತದೆ.

ಹಳೇ_ವಿಶ್ವಾಸಿ

ಎಲ್ಲವನ್ನೂ ಓದಿದೆ. ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಅಜ್ಜಿ ಓದುಬರಹ ಇಲ್ಲದವರು. ವಾಕ್ಯ ಕೇಳಿ, ಪ್ರಾರ್ಥನೆ ಮಾಡಿ, ಒಳ್ಳೆಯ ಕ್ರೈಸ್ತ ಜೀವನ ನಡೆಸಿದರು. ಅವರಿಗೆ ಡೆಲ್ಫಿಯ ಕಲ್ಲು ಬೇಕಾಗಲಿಲ್ಲ. ಇಷ್ಟೆಲ್ಲ ಕೆದಕಿದರೆ ನಂಬಿಕೆ ಸಡಿಲ ಆಗುವುದಿಲ್ಲವೇ? ಕಾಲೇಜಿಗೆ ಹೋಗಿ ಇದನ್ನೇ ಓದಿ ಸಭೆ ಬಿಟ್ಟ ಮಕ್ಕಳನ್ನು ನಾನು ನೋಡಿದ್ದೇನೆ.

ತುಂಗಭದ್ರೆ_ಹುಡುಗಿ

ಅಂಕಲ್, ನಿಮ್ಮ ಅಜ್ಜಿಯ ಬಗ್ಗೆ ಓದಿ ನನ್ನ ಅಜ್ಜಿ ನೆನಪಾದರು. ಅವರ ನಂಬಿಕೆಗೆ ಏನೂ ಕಮ್ಮಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಈ ಪತ್ರವನ್ನು ನಾವು ಇನ್ನೊಬ್ಬರ ಮೇಲೆ ಬಳಸುತ್ತೇವಲ್ಲ, ಆಗ ಹೊಣೆ ಬರುತ್ತದೆ. 14:34-35 ತಗೊಳ್ಳಿ. ‘ಸ್ತ್ರೀಯರು ಸಭೆಗಳಲ್ಲಿ ಮೌನವಾಗಿರಬೇಕು.’ ಈ ವಾಕ್ಯ ತೋರಿಸಿ ನನ್ನನ್ನು ಒಂದು ಸಭೆಯಲ್ಲಿ ವಾಕ್ಯ ಹೇಳಲು ಬಿಡಲಿಲ್ಲ. ನನಗೆ ತುಂಬಾ ನೋವಾಯಿತು. ಮನೆಗೆ ಬಂದು 11:5 ಓದಿದೆ. ಅಲ್ಲಿ ಪೌಲನೇ ಹೆಂಗಸರು ಸಭೆಯಲ್ಲಿ ಪ್ರಾರ್ಥಿಸುವುದು, ಪ್ರವಾದಿಸುವುದು ಇದೆ ಎಂದುಕೊಂಡೇ ತಲೆಯ ಮುಸುಕಿನ ಬಗ್ಗೆ ಮಾತ್ರ ಹೇಳುತ್ತಾನೆ. ಪ್ರವಾದಿಸುವವಳು ಬಾಯಿ ಮುಚ್ಚಿಕೊಂಡು ಹೇಗೆ ಪ್ರವಾದಿಸುತ್ತಾಳೆ?

ಹಸ್ತಪ್ರತಿಗಳನ್ನು ನೋಡಿದರೆ, ಗ್ರೀಕ್-ಲ್ಯಾಟಿನ್ ಎರಡೂ ಇರುವ ಕೆಲವು ಪಶ್ಚಿಮದ ಪ್ರತಿಗಳಲ್ಲಿ ಈ ಎರಡು ವಚನಗಳು 14:40ರ ನಂತರ ಬರುತ್ತವೆ. ಹಳೆಯ ದೊಡ್ಡ ಪ್ರತಿಗಳಲ್ಲಿ ಈಗಿನ ಜಾಗದಲ್ಲೇ ಇವೆ. ಜಾಗ ಅತ್ತಿತ್ತ ಆಗಿರುವುದರಿಂದ ಮೊದಲು ಯಾರೋ ಅಂಚಿನಲ್ಲಿ ಬರೆದ ಟಿಪ್ಪಣಿ ಒಳಗೆ ಸೇರಿರಬಹುದು ಎಂದು ಕೆಲವರು ಹೇಳುತ್ತಾರೆ. ಇದೂ ಕೊರಿಂಥದವರ ಮಾತೇ, ಪೌಲ ಅದನ್ನು ಅಲ್ಲಗಳೆಯುತ್ತಿದ್ದಾನೆ ಎನ್ನುವವರು ಇದ್ದಾರೆ. ಪೌಲನದ್ದೇ, ಆದರೆ ಸಭೆಯ ನಡುವೆ ಗದ್ದಲ ಮಾಡುವುದರ ಬಗ್ಗೆ ಮಾತ್ರ ಎನ್ನುವವರೂ ಇದ್ದಾರೆ. ಯಾವುದು ಸರಿ ಅಂತ ನಾನು ಆಣೆ ಮಾಡಲಾರೆ. ಇಷ್ಟು ಚರ್ಚೆ ಇರುವ ವಚನವನ್ನು ಒಬ್ಬ ಹುಡುಗಿಯ ಬಾಯಿ ಮುಚ್ಚಿಸಲು ಎತ್ತಿಕೊಳ್ಳುವ ಮೊದಲು ಇದೆಲ್ಲ ಗೊತ್ತಿರಬೇಕು. ನನ್ನ ನಂಬಿಕೆ ಇದರಿಂದ ಸಡಿಲ ಆಗಲಿಲ್ಲ ಅಂಕಲ್. ನಾನು ಸಭೆಯಲ್ಲಿ ಉಳಿದುಕೊಂಡಿದ್ದೇ ಇದನ್ನು ಓದಿದ್ದರಿಂದ.

ಹಳೇ_ವಿಶ್ವಾಸಿ

ಮಗಳೇ, ನಿನಗೆ ಹಾಗೆ ಆಗಬಾರದಿತ್ತು. 11:5 ಮತ್ತು 14:34 ಒಟ್ಟಿಗೆ ಇಟ್ಟು ಯಾರೂ ನಮಗೆ ಓದಿಸಿಲ್ಲ. ಈ ವಾರ ನಾನೇ ಓದುತ್ತೇನೆ. ಕೆದಕುವುದರ ಬಗ್ಗೆ ನನ್ನ ಹೆದರಿಕೆ ಮಾತ್ರ ಪೂರ್ತಿ ಹೋಗಿಲ್ಲ.

ಗದಗಿನ_ಮೇಷ್ಟ್ರು

ನಿಮ್ಮ ಹೆದರಿಕೆಗೆ ಬೆಲೆ ಕೊಡಲೇಬೇಕು. ಚರಿತ್ರೆಗೆ ಎಲ್ಲವೂ ಗೊತ್ತು ಎಂದು ಹೇಳುವವರಿಂದ ನಾನೂ ದೂರ ಇರುತ್ತೇನೆ. 15:3ರಿಂದ ಓದಿ. ಕ್ರಿಸ್ತನು ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎದ್ದನು, ಕೇಫನಿಗೆ (ಅಂದರೆ ಪೇತ್ರನಿಗೆ) ಕಾಣಿಸಿದನು. ಇದನ್ನು ತಾನು ಪಡೆದದ್ದು, ನಿಮಗೂ ದಾಟಿಸಿದ್ದು ಎನ್ನುತ್ತಾನೆ ಪೌಲ. ಅಂದರೆ ಪತ್ರಕ್ಕಿಂತ ಹಳೆಯ, ಬಾಯಿಂದ ಬಾಯಿಗೆ ಬಂದ ಸಾಕ್ಷಿ. ಶಿಲುಬೆಯ ಘಟನೆ ಸುಮಾರು ಕ್ರಿ.ಶ. 30, ಪತ್ರ 55ರ ಒಳಗೆ. ಈಗ ನಮ್ಮ ಕೈಯಲ್ಲಿರುವ ನಾಲ್ಕು ಸುವಾರ್ತೆಗಳಲ್ಲಿ ಒಂದೂ ಆಗ ಬರೆದಿರಲಿಲ್ಲ ಎಂಬುದು ಹೆಚ್ಚಿನ ವಿದ್ವಾಂಸರ ಮತ. ಮೊದಲ ಶಿಷ್ಯರು ಇದನ್ನು ಎಷ್ಟು ಬೇಗ ಸಾರತೊಡಗಿದ್ದರು ಅಂತ ಚರಿತ್ರೆ ಹೇಳಬಲ್ಲದು. ಎದ್ದದ್ದು ನಿಜವೇ ಎಂಬುದಕ್ಕೆ ಉತ್ತರ ಕೊಡುವ ಸಲಕರಣೆ ಅದರ ಬಳಿ ಇಲ್ಲ. ಅಲ್ಲಿ ಅದು ಸುಮ್ಮನಿರಬೇಕು.

ಇನ್ನು 11ನೇ ಅಧ್ಯಾಯದ ಊಟಕ್ಕೆ ಬರುತ್ತೇನೆ. ನನಗೆ ಇಡೀ ಪತ್ರದಲ್ಲಿ ಎದೆಗೆ ತಾಗುವ ಭಾಗ ಅದೇ. ‘ಒಬ್ಬನು ಹಸಿದಿರುತ್ತಾನೆ, ಮತ್ತೊಬ್ಬನು ಅಮಲೇರಿರುತ್ತಾನೆ’ (11:21). ಕರ್ತನ ಭೋಜನ ಆಗ ಒಂದು ಚೂರು ರೊಟ್ಟಿ, ಒಂದು ಗುಟುಕು ರಸ ಆಗಿರಲಿಲ್ಲ. ಯಾರದೋ ಮನೆಯಲ್ಲಿ ಸೇರಿ ಉಣ್ಣುವ ಪೂರ್ತಿ ಊಟ. ದುಡ್ಡಿದ್ದವರು ಬೇಗ ಬಂದು ಉಂಡು ಮುಗಿಸುತ್ತಿದ್ದರು. ಗುಲಾಮರು, ಕೂಲಿಯವರು ಕೆಲಸ ಮುಗಿಸಿ ಬರುವಾಗ ಏನೂ ಉಳಿದಿರುತ್ತಿರಲಿಲ್ಲ. ಹೀಗೆ ಓದುವವರೇ ಹೆಚ್ಚು. ಇದು ಪಂಕ್ತಿಭೇದ. ನಮ್ಮ ಕಡೆ ಹಿರಿಯರು ಇದನ್ನು ಓದಿದರೆ ಒಂದು ಕ್ಷಣದಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಅಲ್ಲಿನ ಭೇದ ಜಾತಿಯದ್ದಲ್ಲ, ದುಡ್ಡು ಮತ್ತು ಸ್ಥಾನಮಾನದ್ದು ಎಂಬುದನ್ನು ಮರೆಯಬಾರದು.

ರೋಮನ್ನರಲ್ಲಿ ಇದು ಮಾಮೂಲು. 1ನೇ ಶತಮಾನದ ಕೊನೆಯ ಹೊತ್ತಿಗೆ ಕಿರಿಯ ಪ್ಲಿನಿ ಒಂದು ಪತ್ರದಲ್ಲಿ ತಾನು ಹೋದ ಊಟದ ಬಗ್ಗೆ ಹೇಳುತ್ತಾನೆ. ಮನೆಯ ಯಜಮಾನ ತನಗೂ ಆಪ್ತರಿಗೂ ಒಳ್ಳೆಯ ಅಡುಗೆ ಇಟ್ಟ, ಉಳಿದವರಿಗೆ ಅಗ್ಗದ ಚೂರುಪಾರು. ದ್ರಾಕ್ಷಾರಸ ಮೂರು ಬಗೆ: ದೊಡ್ಡವರಿಗೊಂದು, ಕೆಳಗಿನ ಗೆಳೆಯರಿಗೊಂದು, ಬಿಡುಗಡೆಯಾದ ಗುಲಾಮರಿಗೊಂದು. ಪ್ಲಿನಿಗೆ ಇದು ಸರಿ ಕಾಣಲಿಲ್ಲ. ಆದರೆ ಅವನ ಕಾರಣ ಒಳ್ಳೆಯ ನಡತೆ ಮತ್ತು ಮಿತವ್ಯಯ. ಪೌಲನ ಸಿಟ್ಟೇ ಬೇರೆ: ‘ದೇವರ ಸಭೆಯನ್ನು ತಿರಸ್ಕರಿಸಿ ಇಲ್ಲದವರನ್ನು ನಾಚಿಕೆಪಡಿಸುತ್ತೀರೋ?’

ಮನೆಗಳ ಅಳತೆ ಹಿಡಿದೂ ವಾದ ಇದೆ. ಕೊರಿಂಥದ ಅನಪ್ಲೋಗದಲ್ಲಿ ಸಿಕ್ಕ ಒಂದು ರೋಮನ್ ಮನೆಯ ಊಟದ ಕೋಣೆಯಲ್ಲಿ ಒರಗಿ ಕೂರಲು ಒಂಬತ್ತು ಜನಕ್ಕಷ್ಟೇ ಜಾಗ, ಉಳಿದವರು ಹೊರಗಿನ ಅಂಗಳದಲ್ಲಿ ಇರಬೇಕಿತ್ತು ಎಂದು ಮರ್ಫಿ-ಓಕಾನರ್ ಎಂಬ ವಿದ್ವಾಂಸ ಬರೆದರು. ಸಾಧಾರಣ ಜನ ಅಂಥ ದೊಡ್ಡ ಮನೆಯಲ್ಲಿ ಸೇರುತ್ತಿದ್ದರೇ, ಅಂಗಡಿಯ ಮೇಲಿನ ಕೋಣೆಯಲ್ಲಿ ಇರಬಾರದೇ ಎಂದು ಡೇವಿಡ್ ಹೊರೆಲ್ ಕೇಳಿದರು. ನನಗೆ ಎರಡನೆಯದು ಹೆಚ್ಚು ಹಿಡಿಸುತ್ತದೆ. ಎಫೆಸದಲ್ಲೂ ಗುಡಾರ ಹೊಲಿಯುವ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲೇ ಸಭೆ ಕೂಡುತ್ತಿತ್ತು ಅಂತ 16:19ರಿಂದ ತಿಳಿಯುತ್ತದಲ್ಲ.

ನೇತ್ರಾವತಿ_ದಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ಊಟದ ಜಾಗಗಳನ್ನು ಬೋರ್ಡಿನ ಮೇಲೆ ಬರೆದು 8ರಿಂದ 11ರವರೆಗೆ ಒಟ್ಟಿಗೆ ಓದಿಸೋಣ ಅಂತ ಅಯ್ಯನವರ ಹತ್ತಿರ ಮಾತಾಡಿದೆ. ಅವರು ಖುಷಿಯಿಂದ ಒಪ್ಪಿದರು. ಒಂದು ಪ್ರಶ್ನೆ ಉಳಿಯಿತು. ಪೌಲ ಬರೆಸಿದ ಮೂಲ ಪ್ರತಿ ಎಲ್ಲಿದೆ? ನಾವು ಓದುತ್ತಿರುವುದು ಅದೇ ಪತ್ರ ಅಂತ ಹೇಗೆ ಹೇಳುತ್ತೀರಿ? ಯುವಕರು ಇದನ್ನು ಕೇಳೇ ಕೇಳುತ್ತಾರೆ.

ಶಾಸನಪ್ರಿಯ

ಮೂಲ ಪ್ರತಿ ಉಳಿದಿಲ್ಲ. ಹೊಸ ಒಡಂಬಡಿಕೆಯ ಯಾವ ಪುಸ್ತಕದ್ದೂ ಉಳಿದಿಲ್ಲ. ಆದರೆ ಈ ಪತ್ರದ ಗುರುತು ತುಂಬಾ ಹಳೆಯದು. ಸುಮಾರು ಕ್ರಿ.ಶ. 96ರಲ್ಲಿ ರೋಮ್ ಸಭೆಯಿಂದ ಕೊರಿಂಥಕ್ಕೆ ಒಂದು ಪತ್ರ ಹೋಯಿತು. ಅದನ್ನು ಕ್ಲೆಮೆಂಟನ ಮೊದಲ ಪತ್ರ ಅನ್ನುತ್ತಾರೆ. ಅದರ 47ನೇ ಅಧ್ಯಾಯ ‘ಪೌಲನ ಪತ್ರ ಕೈಗೆತ್ತಿಕೊಳ್ಳಿ’ ಎಂದು ಹೇಳಿ, ಆಗಲೇ ನೀವು ಪಂಗಡ ಮಾಡಿಕೊಂಡಿದ್ದಿರಿ ಎಂದು ನೆನಪಿಸುತ್ತದೆ. ನಲವತ್ತು ವರ್ಷದ ಮೇಲೂ ಆ ಪತ್ರ ಊರಿನಲ್ಲಿ ಇತ್ತು, ಜಗಳವೂ ಇತ್ತು.

ಉಳಿದಿರುವ ಪ್ರತಿಗಳಲ್ಲಿ ಪಿ46 ಎಂದು ಕರೆಯುವ ಪಪೈರಸ್ ಪುಸ್ತಕ ಸುಮಾರು ಕ್ರಿ.ಶ. 200ರದ್ದು. 104 ಹಾಳೆಗಳಲ್ಲಿ 86 ಸಿಕ್ಕಿವೆ. 56 ಡಬ್ಲಿನ್‌ನಲ್ಲಿ, 30 ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. ಅದರಲ್ಲಿ 1 ಕೊರಿಂಥ ಹೆಚ್ಚುಕಡಿಮೆ ಪೂರ್ತಿ ಇದೆ. ಆಮೇಲೆ 4ನೇ ಶತಮಾನದ ವ್ಯಾಟಿಕನಸ್, ಸಿನಾಯಿಟಿಕಸ್ ಚರ್ಮದ ಪುಸ್ತಕಗಳು. ಈ ಪ್ರತಿಗಳ ನಡುವೆ ವ್ಯತ್ಯಾಸಗಳಿವೆ. ಹೆಚ್ಚಿನವು ಕಾಗುಣಿತ, ಪದಗಳ ಹಿಂದುಮುಂದು. 14:34ರಂಥವು ಕೆಲವೇ. ಅವುಗಳನ್ನು ಯುವಕರಿಂದ ಮುಚ್ಚಿಡಬೇಡಿ.

ಸಿನಾಯಿಟಿಕಸ್ ಪುಸ್ತಕದ ಬಹುಪಾಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 2009ರಿಂದ ಉಳಿದ ಹಾಳೆಗಳೂ ಸೇರಿ ಎಲ್ಲದರ ಚಿತ್ರ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಬುಧವಾರ ಒಂದು ಲ್ಯಾಪ್‌ಟಾಪ್ ತಗೊಂಡು ಹೋಗಿ. 1 ಕೊರಿಂಥದ 8ನೇ ಅಧ್ಯಾಯ ಆರಿಸಿದರೆ ಚಿತ್ರದ ಪಕ್ಕದಲ್ಲೇ ಗ್ರೀಕ್ ಅಕ್ಷರಗಳನ್ನು ಬಿಡಿಸಿ ಬರೆದಿರುತ್ತದೆ. ಗ್ರೀಕ್ ಬರದಿದ್ದರೂ ಪರವಾಗಿಲ್ಲ. ಹಾಳೆಯ ಅಂಚಿನಲ್ಲಿ, ಸಾಲುಗಳ ನಡುವೆ ತಿದ್ದಿದ ಸಣ್ಣ ಅಕ್ಷರಗಳು ಕಾಣುತ್ತವೆ, ಅವುಗಳನ್ನು ಹುಡುಗರಿಗೆ ದೊಡ್ಡದು ಮಾಡಿ ತೋರಿಸಿ.